ಮೋಟಾರು ವಾಹನದ ಚಾಸಿಸ್ ಸಂಖ್ಯೆ : ಅದರಿಂದ ತಿಳಿಯತಕ್ಕ ವಿಷಯಗಳು

ಎತ್ತನ್ನಾಗಲಿ ಹಸುವನ್ನಾಗಲಿ ಕೊಳ್ಳುವ ರೈತನು ಮಾರುವವನ ಮಾತೊಂದನ್ನೇ ನಂಬಿ ಹಣವನ್ನು ಎಣಿಸಿಕೊಡುವುದಿಲ್ಲ. ಬಾಯಿಯನ್ನು ತೆರೆಯಿಸಿ ಹಲ್ಲನ್ನು ನೋಡುತ್ತಾನೆ, ಸುಳಿಯನ್ನು ಪರೀಕ್ಷಿಸುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸಿ ಕಾಲಿನ ದೋಷವೇನಾದರೂ ಉಂಟೇ ಎಂದು ವಿಚಾರಿಸುತ್ತಾನೆ. ಆದರೆ ಅದೇ ರೈತನು ಎತ್ತಿನ ಬೆಲೆಗಿಂತ ಅನೇಕ ಪಾಲು ಹೆಚ್ಚು ಹಣವನ್ನು ತೆತ್ತು ಹಳೆಯ ಟ್ರ್ಯಾಕ್ಟರನ್ನೋ ಸರಕಿನ ಲಾರಿಯನ್ನೋ ಕೊಳ್ಳುವಾಗ, ಬಣ್ಣದ ಹೊಳಪನ್ನೂ ಟೈರುಗಳ ಸ್ಥಿತಿಯನ್ನೂ ಎಂಜಿನ್ನಿನ ಶಬ್ದವನ್ನೂ ನೋಡಿ ತೃಪ್ತನಾಗುವುದುಂಟು. ವಾಹನಕ್ಕೂ ಹಲ್ಲಿನಂತೆ ವಯಸ್ಸನ್ನು ತಿಳಿಸುವ ಗುರುತೊಂದು ಉಂಟೆಂಬುದು ಬಹುಮಂದಿಗೆ ತಿಳಿಯದು. ಆ ಗುರುತೇ ಚಾಸಿಸ್ ಸಂಖ್ಯೆ ಅಥವಾ ವಾಹನ ಗುರುತಿನ ಸಂಖ್ಯೆ. ಅದನ್ನು ಓದುವ ಕ್ರಮವನ್ನೂ, ಅದರಿಂದ ಯಾವ ವಿಷಯಗಳು ತಿಳಿಯುತ್ತವೆ, ಯಾವುವು ತಿಳಿಯುವುದಿಲ್ಲ ಎಂಬುದನ್ನೂ ಗ್ರಾಮ ಮುಖಂಡರ ಮತ್ತು ಜಮೀನುದಾರರ ಉಪಯೋಗಕ್ಕಾಗಿ ಇಲ್ಲಿ ವಿವರಿಸಲಾಗಿದೆ.

೧. ನಂಬರು ಫಲಕಕ್ಕೂ ಚಾಸಿಸ್ ಸಂಖ್ಯೆಗೂ ಇರುವ ಭೇದ

ವಾಹನದ ಹಿಂದೆ ಮುಂದೆ ಕಾಣುವ ಫಲಕದ ನಂಬರು ಸರ್ಕಾರದ ಸಾರಿಗೆ ಕಛೇರಿಯವರು ಕೊಟ್ಟದ್ದು. ವಾಹನವನ್ನು ಬೇರೊಂದು ರಾಜ್ಯಕ್ಕೆ ಕೊಂಡೊಯ್ದು ಹನ್ನೆರಡು ತಿಂಗಳಿಗೆ ಮೇಲ್ಪಟ್ಟು ಅಲ್ಲಿಯೇ ಇರಿಸಿಕೊಂಡಲ್ಲಿ, ಆ ರಾಜ್ಯದ ಹೊಸ ನಂಬರನ್ನು ಪಡೆಯಬೇಕಾಗುತ್ತದೆ. ಚಾಸಿಸ್ ಸಂಖ್ಯೆಯಾದರೋ ಕಾರ್ಖಾನೆಯಲ್ಲಿಯೇ ಕಬ್ಬಿಣದ ಮೇಲೆ ಒತ್ತಿದ್ದು. ಒಡೆಯನು ಬದಲಾದರೂ, ರಾಜ್ಯವು ಬದಲಾದರೂ, ಬಣ್ಣವು ಬದಲಾದರೂ ಅದು ಬದಲಾಗತಕ್ಕದ್ದಲ್ಲ. ಜಮೀನಿನ ವಿಷಯದಲ್ಲಿ ಖಾತೆಯು ಒಬ್ಬರಿಂದೊಬ್ಬರಿಗೆ ವರ್ಗವಾದರೂ ಸರ್ವೆ ನಂಬರು ಆ ಭೂಮಿಗೇ ಅಂಟಿಕೊಂಡಿರುವಂತೆ, ವಾಹನದ ವಿಷಯದಲ್ಲಿ ಚಾಸಿಸ್ ಸಂಖ್ಯೆಯು ಆ ವಾಹನಕ್ಕೇ ಅಂಟಿಕೊಂಡಿರುತ್ತದೆ.

ಭಾರತದಲ್ಲಿ ೧೯೮೯ ನೆಯ ಇಸವಿಯ ಕೇಂದ್ರ ಮೋಟಾರು ವಾಹನಗಳ ನಿಯಮಗಳ ೧೨೨ ನೆಯ ನಿಯಮದ ಪ್ರಕಾರ ತಯಾರಕರು ಚಾಸಿಸ್ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ತಯಾರಾದ ಕಾಲವನ್ನೂ ವಾಹನದ ಮೇಲೆ ಕೆತ್ತಿ ಅಥವಾ ಒತ್ತಿ ತೋರಿಸತಕ್ಕದ್ದು. ನೋಂದಣಿ ಪತ್ರದಲ್ಲಿ ನಮೂದಿಸುವುದೂ ಇದೇ ಸಂಖ್ಯೆಯನ್ನೇ.

೨. ಈ ಸಂಖ್ಯೆಯ ಉತ್ಪತ್ತಿ

ಅಮೆರಿಕ ದೇಶದ ಕಾರ್ಖಾನೆಗಳವರು ೧೯೫೪ ರಿಂದ ವಾಹನಗಳಿಗೆ ಇಂತಹ ಗುರುತಿನ ಸಂಖ್ಯೆಗಳನ್ನು ಕೊಡುತ್ತ ಬಂದರು. ಆದರೆ ಒಬ್ಬೊಬ್ಬ ತಯಾರಕನ ಕ್ರಮವು ಒಂದೊಂದು ವಿಧವಾಗಿದ್ದುದರಿಂದ, ಒಂದು ಕಾರ್ಖಾನೆಯ ಸಂಖ್ಯೆಯನ್ನು ಓದಬಲ್ಲವರಿಗೆ ಮತ್ತೊಂದರ ಸಂಖ್ಯೆಯು ತಿಳಿಯುತ್ತಿರಲಿಲ್ಲ. ಅಂತರರಾಷ್ಟ್ರೀಯ ಪ್ರಮಾಣ ಸಂಸ್ಥೆಯವರು ೧೯೭೭ ರಲ್ಲಿ ಇದಕ್ಕೊಂದು ಸಾಮಾನ್ಯ ಕ್ರಮವನ್ನು ಗೊತ್ತುಮಾಡಿದರು. ಅಮೆರಿಕದ ಸರ್ಕಾರವು ೧೯೮೧ ನೆಯ ಮಾದರಿಯ ವಾಹನಗಳಿಂದ ಮೊದಲ್ಗೊಂಡು ಹದಿನೇಳು ಸ್ಥಾನಗಳ ಸಂಖ್ಯೆಯನ್ನು ಕಡ್ಡಾಯಗೊಳಿಸಿತು. ಕ್ರಮೇಣ ಈ ಪದ್ಧತಿಯು ಇತರ ದೇಶಗಳಿಗೂ ಹರಡಿ ಭಾರತದಲ್ಲಿಯೂ ರೂಢಿಗೆ ಬಂದಿದೆ.

ಇದರ ಬಲವೆಷ್ಟೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ೧೯೯೫ ನೆಯ ಏಪ್ರಿಲ್ ೧೯ ರಂದು ಅಮೆರಿಕದ ಓಕ್ಲಹಾಮ ಪಟ್ಟಣದಲ್ಲಿ ಲಾರಿಯೊಂದರಲ್ಲಿ ತುಂಬಿದ್ದ ಸ್ಫೋಟಕವು ಸಿಡಿದು ಸರ್ಕಾರಿ ಕಟ್ಟಡವು ಕುಸಿಯಿತು. ಲಾರಿಯು ಚೂರುಚೂರಾಯಿತು. ಆದರೂ ಅದರ ಹಿಂದಿನ ಅಚ್ಚಿನ ತುಂಡೊಂದು ದೂರದಲ್ಲಿ ದೊರೆಯಿತು. ಅದರ ಮೇಲಿದ್ದ ಗುರುತಿನ ಸಂಖ್ಯೆಯನ್ನು ಹಿಡಿದು ಹೊರಟ ಪೋಲೀಸರು ಆ ಲಾರಿಯನ್ನು ಬಾಡಿಗೆಗೆ ಕೊಟ್ಟಿದ್ದ ಅಂಗಡಿಯನ್ನೂ, ಅಲ್ಲಿಂದ ಅಪರಾಧಿಯ ಜಾಡನ್ನೂ ಕಂಡುಹಿಡಿದರು.

೩. ಹದಿನೇಳು ಸ್ಥಾನಗಳ ಅರ್ಥ

ಸಂಖ್ಯೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೂ ಅಂಕಿಗಳಲ್ಲಿಯೂ ಒತ್ತಿರುತ್ತಾರೆ. ಇಲ್ಲಿ ಆ ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬರೆದಿದೆ. ಐ, ಒ, ಕ್ಯೂ ಎಂಬ ಮೂರು ಅಕ್ಷರಗಳನ್ನು ಈ ಸಂಖ್ಯೆಯಲ್ಲಿ ಎಂದಿಗೂ ಉಪಯೋಗಿಸುವುದಿಲ್ಲ. ಇಂಗ್ಲಿಷಿನ ಒಂದು ಮತ್ತು ಸೊನ್ನೆಗಳಿಗೆ ಇವು ಹೋಲುವುದರಿಂದ ಓದುವವರಿಗೆ ಭ್ರಾಂತಿಯುಂಟಾಗಬಾರದೆಂಬುದೇ ಇದರ ಉದ್ದೇಶ. ಆದಕಾರಣ ಹದಿನೇಳು ಸ್ಥಾನದ ಸಂಖ್ಯೆಯಲ್ಲಿ ಈ ಅಕ್ಷರಗಳಲ್ಲೊಂದು ಸ್ಪಷ್ಟವಾಗಿ ಕಂಡುಬಂದಲ್ಲಿ, ಅದು ಕಾರ್ಖಾನೆಯ ಕೈಕೆಲಸವಲ್ಲವೆಂದು ಶಂಕಿಸತಕ್ಕದ್ದು.

ಹದಿನೇಳು ಸ್ಥಾನಗಳನ್ನು ಮೂರು ಭಾಗಗಳಾಗಿ ವಿಂಗಡಿಸಬಹುದು.

ಮೊದಲನೆಯ ಭಾಗ, ೧ ರಿಂದ ೩ ನೆಯ ಸ್ಥಾನದವರೆಗೆ : ತಯಾರಕನ ಗುರುತು. ಮೊದಲ ಅಕ್ಷರವು ಭೂಭಾಗವನ್ನು ಸೂಚಿಸುತ್ತದೆ. ಜೆ ಯಿಂದ ಆರ್ ವರೆಗಿನ ಅಕ್ಷರಗಳು ಏಷ್ಯಾ ಖಂಡಕ್ಕೂ, ಎಸ್ ನಿಂದ ಮುಂದಿನವು ಯೂರೋಪಿಗೂ, ೧ ರಿಂದ ೫ ರವರೆಗಿನ ಅಂಕಿಗಳು ಉತ್ತರ ಅಮೆರಿಕಕ್ಕೂ ಸೇರಿವೆ. ಜಪಾನಿಗೆ ಜೆ, ಚೀನಾ ದೇಶಕ್ಕೆ ಎಲ್. ಭಾರತದಲ್ಲಿ ತಯಾರಾದ ವಾಹನಗಳ ಸಂಖ್ಯೆಯು ಸಾಧಾರಣವಾಗಿ ಎಂ ಅಕ್ಷರದಿಂದ ಆರಂಭವಾಗಿ, ಎರಡನೆಯ ಸ್ಥಾನದಲ್ಲಿ ಎ ಯಿಂದ ಇ ವರೆಗಿನ ಒಂದು ಅಕ್ಷರವನ್ನು ಹೊಂದಿರುತ್ತದೆ. ಎಂ ಅಕ್ಷರವು ಭಾರತಕ್ಕೆ ಮಾತ್ರ ಸೇರಿದ್ದಲ್ಲ. ಥಾಯ್ಲೆಂಡ್, ಇಂಡೊನೇಷ್ಯಾ ಮೊದಲಾದ ದೇಶಗಳಿಗೂ ಅದರಲ್ಲಿ ಪಾಲುಂಟು. ಆದುದರಿಂದ ಎರಡು ಅಕ್ಷರಗಳನ್ನೂ ಕೂಡಿಸಿ ಓದಬೇಕು. ಮೂರನೆಯ ಸ್ಥಾನವೂ ಸೇರಿದಾಗ ತಯಾರಕನು ಇಂತಹವನೇ ಎಂದು ನಿಶ್ಚಯವಾಗುತ್ತದೆ. ಎಂ-ಎ-ಟಿ ಎಂದರೆ ಟಾಟಾ ಮೋಟಾರ್ಸ್. ಎಂ-ಎ-೧ ಎಂದರೆ ಮಹೀಂದ್ರ. ಎಂ-ಎ-೩ ಎಂದರೆ ಮಾರುತಿ ಸುಜುಕಿ. ಎಂ-ಬಿ-೧ ಎಂದರೆ ಅಶೋಕ್ ಲೇಲ್ಯಾಂಡ್. ಎಂ-ಬಿ-ಜೆ ಎಂದರೆ ನಮ್ಮ ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೋಟ ಕಿರ್ಲೋಸ್ಕರ್. ಎಂ-ಡಿ-೨ ಎಂದರೆ ಬಜಾಜ್. ಎಂ-ಡಿ-೬ ಎಂದರೆ ಟಿವಿಎಸ್. ಒಂದು ಕಾರ್ಖಾನೆಗೆ ಒಂದಕ್ಕಿಂತ ಹೆಚ್ಚು ಗುರುತುಗಳಿರುವುದೂ ಉಂಟು.

ಎರಡನೆಯ ಭಾಗ, ೪ ರಿಂದ ೯ ನೆಯ ಸ್ಥಾನದವರೆಗೆ : ವಾಹನದ ವರ್ಣನೆ. ಮಾದರಿ, ಎಂಜಿನ್ನಿನ ಜಾತಿ, ದೇಹದ ಆಕಾರ ಮೊದಲಾದವುಗಳನ್ನು ತಯಾರಕನು ತನ್ನದೇ ಆದ ಸಂಕೇತಗಳಿಂದ ಇಲ್ಲಿ ಸೂಚಿಸುತ್ತಾನೆ. ಇದನ್ನು ಬಿಡಿಸಿ ಹೇಳಲು ಆ ಕಂಪೆನಿಯ ಅಧಿಕೃತ ಮಾರಾಟಗಾರನೇ ಸಮರ್ಥನು.

ಮೂರನೆಯ ಭಾಗ, ೧೦ ರಿಂದ ೧೭ ನೆಯ ಸ್ಥಾನದವರೆಗೆ : ಆ ಒಂದು ವಾಹನದ ಸ್ವಂತ ಗುರುತು. ತಯಾರಾದ ವರ್ಷ, ಕಾರ್ಖಾನೆ, ಕ್ರಮಸಂಖ್ಯೆ ಇವು ಇಲ್ಲಿ ಅಡಗಿರುತ್ತವೆ. ಕಡೆಯ ಅಂಕಿಗಳು ವಾಹನವು ಸಾಲಿನಿಂದ ಹೊರಬಿದ್ದ ಕ್ರಮವನ್ನು ತೋರಿಸುವುದರಿಂದ ಒಂದೇ ದಿನ, ಒಂದೇ ಮಾದರಿಯಲ್ಲಿ, ಒಂದೇ ಬಣ್ಣದಲ್ಲಿ ತಯಾರಾದ ಎರಡು ವಾಹನಗಳಿಗೂ ಭೇದವು ಏರ್ಪಡುತ್ತದೆ.

೪. ಪರೀಕ್ಷೆಯ ಅಂಕಿ

ಅಮೆರಿಕ ಮತ್ತು ಚೀನಾ ದೇಶಗಳ ವಾಹನಗಳಲ್ಲಿ ಒಂಬತ್ತನೆಯ ಸ್ಥಾನವು ಸಂಖ್ಯೆಯ ಸಾಚಾತನವನ್ನು ಪರೀಕ್ಷಿಸಲು ಮೀಸಲಾಗಿದೆ. ಉಳಿದ ಹದಿನಾರು ಸ್ಥಾನಗಳಿಗೆ ಗೊತ್ತಾದ ಬೆಲೆಗಳನ್ನು ಕೊಟ್ಟು, ಗುಣಿಸಿ, ಕೂಡಿಸಿ, ಹನ್ನೊಂದರಿಂದ ಭಾಗಿಸಿದಾಗ ಉಳಿಯುವ ಶೇಷವೇ ಒಂಬತ್ತನೆಯ ಸ್ಥಾನದಲ್ಲಿರಬೇಕು. ಶೇಷವು ಹತ್ತಾದರೆ ಎಕ್ಸ್ ಅಕ್ಷರವಿರಬೇಕು. ಬರೆಯುವವರು ಒಂದಂಕಿಯನ್ನು ತಪ್ಪಿದರೂ ಲೆಕ್ಕವು ಕೂಡಿಬರುವುದಿಲ್ಲ. ನಮ್ಮ ಆಧಾರ್ ಸಂಖ್ಯೆಯ ಕಡೆಯ ಅಂಕಿಯೂ ಇಂತಹುದೇ ಉದ್ದೇಶದ್ದು. ಆದರೆ ಭಾರತದ ತಯಾರಕರು ಒಂಬತ್ತನೆಯ ಸ್ಥಾನವನ್ನು ಬೇರೆ ಕೆಲಸಕ್ಕೆ ಉಪಯೋಗಿಸಬಹುದು. ಆದಕಾರಣ ಇಲ್ಲಿಯ ವಾಹನವೊಂದು ಈ ಲೆಕ್ಕಕ್ಕೆ ಒಗ್ಗದಿದ್ದ ಮಾತ್ರಕ್ಕೆ ಅದನ್ನು ಖೋಟಾ ಎನ್ನಲಾಗದು.

೫. ವರ್ಷದ ಸಂಕೇತ

ಜಮೀನುದಾರರಿಗೆ ಅತ್ಯಂತ ಉಪಯುಕ್ತವಾದುದು ಹತ್ತನೆಯ ಸ್ಥಾನ. ಬಹುಮಂದಿ ತಯಾರಕರು ಇಲ್ಲಿ ವರ್ಷವನ್ನು ಸೂಚಿಸುತ್ತಾರೆ. ಇದಕ್ಕೆ ಐ, ಒ, ಕ್ಯೂ ಗಳಲ್ಲದೆ ಯು ಮತ್ತು ಜೆಡ್ ಅಕ್ಷರಗಳನ್ನೂ ಸೊನ್ನೆಯನ್ನೂ ಬಿಟ್ಟಿದ್ದಾರೆ. ೨೦೦೧ ರಿಂದ ೨೦೦೯ ರವರೆಗಿನ ವರ್ಷಗಳಿಗೆ ಕ್ರಮವಾಗಿ ೧ ರಿಂದ ೯ ರವರೆಗಿನ ಅಂಕಿಗಳು. ತರುವಾಯದ ವರ್ಷಗಳಿಗೆ ಸಂಕೇತಗಳು ಹೀಗಿವೆ :

೨೦೧೦ – ಎ. ೨೦೧೧ – ಬಿ. ೨೦೧೨ – ಸಿ. ೨೦೧೩ – ಡಿ
೨೦೧೪ – ಇ. ೨೦೧೫ – ಎಫ್. ೨೦೧೬ – ಜಿ. ೨೦೧೭ – ಎಚ್
೨೦೧೮ – ಜೆ. ೨೦೧೯ – ಕೆ. ೨೦೨೦ – ಎಲ್. ೨೦೨೧ – ಎಂ
೨೦೨೨ – ಎನ್. ೨೦೨೩ – ಪಿ. ೨೦೨೪ – ಆರ್. ೨೦೨೫ – ಎಸ್
೨೦೨೬ – ಟಿ. ೨೦೨೭ – ವಿ. ೨೦೨೮ – ಡಬ್ಲ್ಯೂ. ೨೦೨೯ – ಎಕ್ಸ್. ೨೦೩೦ – ವೈ

ಈ ಚಕ್ರವು ಮೂವತ್ತು ವರ್ಷಗಳಿಗೊಮ್ಮೆ ತಿರುಗುತ್ತದೆ. ಆದುದರಿಂದ ಎ ಅಕ್ಷರವು ೧೯೮೦ ಕ್ಕೂ ಸಲ್ಲುತ್ತದೆ, ೨೦೧೦ ಕ್ಕೂ ಸಲ್ಲುತ್ತದೆ. ವಾಹನದ ಮಾದರಿಯನ್ನು ನೋಡಿದರೆ ಯಾವುದೆಂಬುದು ಸುಲಭವಾಗಿ ತಿಳಿಯುತ್ತದೆ.

ಉದಾಹರಣೆಗೆ, ಮಾರುವವನು ತನ್ನ ಸರಕಿನ ವಾಹನವು ೨೦೨೧ ರದ್ದೆಂದು ಹೇಳಿ ಅದಕ್ಕೆ ತಕ್ಕ ಕ್ರಯವನ್ನು ಕೇಳುತ್ತಾನೆಂದು ಭಾವಿಸೋಣ. ಹತ್ತನೆಯ ಸ್ಥಾನದಲ್ಲಿ ಎಚ್ ಎಂದಿದ್ದರೆ ಅದು ೨೦೧೭ ರಲ್ಲಿ ತಯಾರಾದದ್ದು. ನಾಲ್ಕು ವರ್ಷಗಳ ಅಂತರಕ್ಕೆ ಮಾರುವವನು ಸಮಾಧಾನವನ್ನು ಹೇಳಬೇಕಾಗುತ್ತದೆ. ಎಲ್ ಎಂದಿದ್ದರೆ ಮಾತ್ರ ಗಾಬರಿಪಡಬೇಕಾದುದಿಲ್ಲ. ೨೦೨೦ ರ ಕೊನೆಯಲ್ಲಿ ತಯಾರಾದದ್ದು ಮಾರಾಟಗಾರನ ಮಳಿಗೆಯಲ್ಲಿ ಕೆಲವು ತಿಂಗಳಿದ್ದು ೨೦೨೧ ರಲ್ಲಿ ನೋಂದಣಿಯಾಗಿರಬಹುದು. ತಿಂಗಳ ಸಂಕೇತವನ್ನು ಒಬ್ಬೊಬ್ಬ ತಯಾರಕನು ಒಂದೊಂದು ಸ್ಥಾನದಲ್ಲಿ ಇಡುವುದರಿಂದ, ಅದನ್ನು ನೋಂದಣಿ ಪತ್ರದಲ್ಲಿ ನಮೂದಾಗಿರುವ ತಯಾರಿಕೆಯ ತಿಂಗಳು ಮತ್ತು ವರ್ಷದಿಂದ ತಿಳಿಯುವುದೇ ಲೇಸು.

ಟ್ರ್ಯಾಕ್ಟರುಗಳ ವಿಷಯದಲ್ಲಿ ಒಂದು ಎಚ್ಚರಿಕೆಯುಂಟು. ಹಳೆಯ ಟ್ರ್ಯಾಕ್ಟರುಗಳಲ್ಲಿ ಹದಿನೇಳಕ್ಕಿಂತ ಕಡಮೆ ಸ್ಥಾನಗಳ, ತಯಾರಕನ ಸ್ವಂತ ಕ್ರಮದ ಸಂಖ್ಯೆಗಳಿರುತ್ತವೆ. ಅಂತಹವನ್ನು ಮೇಲಿನ ಪಟ್ಟಿಯಿಂದ ಓದಲು ಹೊರಟರೆ ತಪ್ಪು ಅರ್ಥವು ಬರುತ್ತದೆ. ಅಲ್ಲಿ ಅಂಕಿಗಳನ್ನು ನೋಂದಣಿ ಪತ್ರದೊಂದಿಗೆ ಒಂದೊಂದಾಗಿ ತಾಳೆ ನೋಡಿ, ವರ್ಷವನ್ನು ಕಂಪೆನಿಯ ಮಾರಾಟಗಾರನಲ್ಲಿ ವಿಚಾರಿಸತಕ್ಕದ್ದು.

೬. ಸಂಖ್ಯೆಯು ವಾಹನದಲ್ಲಿ ಎಲ್ಲಿರುತ್ತದೆ

ಲಾರಿ ಮುಂತಾದ ದೊಡ್ಡ ವಾಹನಗಳಲ್ಲಿ ಮುಂದಿನ ಚಕ್ರದ ಸಮೀಪದಲ್ಲಿ, ಉದ್ದುದ್ದನೆಯ ಕಬ್ಬಿಣದ ತೊಲೆಯ ಮೇಲೆ ಸಂಖ್ಯೆಯನ್ನು ಒತ್ತಿರುತ್ತಾರೆ. ಕಾರುಗಳಲ್ಲಿ ಎಂಜಿನ್ನಿನ ಹಿಂದಿನ ಗೋಡೆಯ ಮೇಲೆ ಅಥವಾ ಮುಂದಿನ ಆಸನದ ಕೆಳಗೆ ಇರುವುದುಂಟು. ಮೋಟಾರು ಸೈಕಲ್ಲುಗಳಲ್ಲಿ ಹಿಡಿಯು ತಿರುಗುವ ಕುತ್ತಿಗೆಯ ಕಂಬದ ಮೇಲಿರುತ್ತದೆ. ಟ್ರ್ಯಾಕ್ಟರಿಗೆ ಸಾಧಾರಣವಾಗಿ ಲಾರಿಯಂತೆ ಬೇರೆ ಚೌಕಟ್ಟಿಲ್ಲ. ಎಂಜಿನ್ನು ಮತ್ತು ಗೇರುಪೆಟ್ಟಿಗೆಗಳೇ ಅದರ ಬೆನ್ನೆಲುಬು. ಆದಕಾರಣ ಸಂಖ್ಯೆಯನ್ನು ಗೇರುಪೆಟ್ಟಿಗೆಯ ಅಥವಾ ಕ್ಲಚ್ಚಿನ ಎರಕದ ಕವಚದ ಮೇಲೆ ಹುಡುಕಬೇಕು. ಎಂಜಿನ್ ಸಂಖ್ಯೆಯು ಎಂಜಿನ್ನಿನ ಎರಕದ ಮೇಲೆಯೇ ಇರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಟ್ರೈಲರೂ ಮೋಟಾರು ವಾಹನವೇ ಆದುದರಿಂದ ಅದಕ್ಕೂ ಪ್ರತ್ಯೇಕ ಚಾಸಿಸ್ ಸಂಖ್ಯೆಯುಂಟು. ಟ್ರ್ಯಾಕ್ಟರನ್ನು ಪರೀಕ್ಷಿಸಿ ಟ್ರೈಲರನ್ನು ಮರೆಯುವುದು ಸಾಮಾನ್ಯವಾದ ತಪ್ಪು.

ಕೊಳೆಯನ್ನೂ ಎಣ್ಣೆಯ ಜಿಡ್ಡನ್ನೂ ಸೀಮೆಯೆಣ್ಣೆಯಲ್ಲದ್ದಿದ ಬಟ್ಟೆಯಿಂದ ಒರಸಿ, ಸಂಖ್ಯೆಯ ಮೇಲೆ ತೆಳುವಾದ ಕಾಗದವನ್ನಿಟ್ಟು, ಸೀಸದ ಕಡ್ಡಿಯನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಉಜ್ಜಿದರೆ ಅಕ್ಷರಗಳು ಕಾಗದದ ಮೇಲೆ ಮೂಡುತ್ತವೆ. ಸಾರಿಗೆ ಕಛೇರಿಯ ನೋಂದಣಿ ಅರ್ಜಿಯಲ್ಲಿಯೂ ಇಂತಹ ಪ್ರತಿಯನ್ನೇ ಅಂಟಿಸುವುದು ವಾಡಿಕೆ. ಕೈಯಿಂದ ನಕಲು ಮಾಡುವಾಗ ೮ ನ್ನು ಬಿ ಎಂದೂ, ೫ ನ್ನು ಎಸ್ ಎಂದೂ, ೨ ನ್ನು ಜೆಡ್ ಎಂದೂ ಬರೆಯುವ ಸಂಭವವಿದೆ; ಉಜ್ಜಿ ತೆಗೆದ ಪ್ರತಿಯಲ್ಲಿ ಈ ದೋಷವಿರುವುದಿಲ್ಲ.

೭. ಮೋಸದ ವಿಧಗಳು ಮತ್ತು ಲಕ್ಷಣಗಳು

ಕದ್ದ ವಾಹನವನ್ನು ಮಾರುವವರು ಸಂಖ್ಯೆಯನ್ನು ಅರದಿಂದ ಉಜ್ಜಿ ಬೇರೊಂದನ್ನು ಒತ್ತುವುದು ಒಂದು ವಿಧ. ಅದಕ್ಕಿಂತ ಗೂಢವಾದ ಇನ್ನೊಂದು ವಿಧವುಂಟು. ಅಪಘಾತದಲ್ಲಿ ಪೂರ್ತಿಯಾಗಿ ನಾಶವಾದ ವಾಹನವನ್ನು ಅದರ ಕಾಗದಪತ್ರಗಳ ಸಮೇತ ಗುಜರಿ ಬೆಲೆಗೆ ಕೊಂಡು, ಅದೇ ಮಾದರಿಯ ಅದೇ ಬಣ್ಣದ ಮತ್ತೊಂದನ್ನು ಕದ್ದು, ಹಾಳಾದ ವಾಹನದ ಸಂಖ್ಯೆಯುಳ್ಳ ತುಂಡನ್ನು ಕತ್ತರಿಸಿ ಕದ್ದದ್ದರ ಮೇಲೆ ಬೆಸೆಯುತ್ತಾರೆ. ಆಗ ನೋಂದಣಿ ಪತ್ರವು ನಿಜವಾದದ್ದು, ಫಲಕದ ನಂಬರೂ ಸರಿಯಾದದ್ದು, ಒತ್ತಿದ ಅಕ್ಷರಗಳೂ ಕಾರ್ಖಾನೆಯವೇ, ವಾಹನವೊಂದೇ ಬೇರೆ. ಕಾಗದವನ್ನು ಮಾತ್ರ ನೋಡಿ ಕೊಳ್ಳುವವನಿಗೆ ಈ ಮೋಸವು ಎಂದಿಗೂ ತಿಳಿಯದು.

ಆದುದರಿಂದ ಕೆಳಗಿನ ಲಕ್ಷಣಗಳನ್ನು ಹಗಲಿನ ಬೆಳಕಿನಲ್ಲಿ ನೋಡತಕ್ಕದ್ದು :

(ಅ) ಅಕ್ಷರಗಳ ಎತ್ತರ, ಆಳ, ನಡುವಣ ಅಂತರ ಇವುಗಳಲ್ಲಿ ವ್ಯತ್ಯಾಸ, ಸಾಲು ಡೊಂಕಾಗಿರುವುದು.
(ಆ) ಸಂಖ್ಯೆಯ ಸುತ್ತ ಅರದ ಗೀರುಗಳು, ಅಥವಾ ಆ ಸ್ಥಳದಲ್ಲಿ ಮಾತ್ರ ತಗ್ಗು.
(ಇ) ಉಳಿದೆಡೆ ಹಳೆಯ ಬಣ್ಣವಿದ್ದು ಸಂಖ್ಯೆಯ ಬಳಿ ಮಾತ್ರ ಹೊಸ ಬಣ್ಣ.
(ಈ) ಸಂಖ್ಯೆಯುಳ್ಳ ಭಾಗದ ನಾಲ್ಕು ಕಡೆಯೂ ಬೆಸುಗೆಯ ಗೆರೆ.
(ಉ) ತಯಾರಕನ ತಗಡಿನ ಫಲಕದ ರಿವೆಟ್ಟುಗಳು ಹೊಸವಾಗಿರುವುದು ಅಥವಾ ಬೇರೆ ಜಾತಿಯವಾಗಿರುವುದು.
(ಊ) ಎಂಜಿನ್ ಸಂಖ್ಯೆಯು ನೋಂದಣಿ ಪತ್ರಕ್ಕೆ ಹೊಂದದಿರುವುದು. ಎಂಜಿನ್ನನ್ನು ನ್ಯಾಯವಾಗಿ ಬದಲಾಯಿಸಿದ್ದಲ್ಲಿ ಅದು ಪತ್ರದಲ್ಲಿ ದಾಖಲಾಗಿರಬೇಕು.

ಉಜ್ಜಿ ಅಳಿಸಿದ ಸಂಖ್ಯೆಯು ಪೂರ್ತಿಯಾಗಿ ಅಳಿಯುವುದೂ ಅಪೂರ್ವ. ಅಕ್ಷರವನ್ನು ಒತ್ತಿದಾಗ ಬಿದ್ದ ಪೆಟ್ಟಿನಿಂದ ಕೆಳಗಿನ ಲೋಹದ ಕಣಗಳು ಅದುಮಲ್ಪಟ್ಟಿರುತ್ತವೆ. ಮೇಲ್ಭಾಗವನ್ನು ಅರದಿಂದ ತೆಗೆದರೂ ಅದುಮಿದ ಪದರವು ಒಳಗೆ ಉಳಿದಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಆ ಸ್ಥಳಕ್ಕೆ ಆಮ್ಲದ ದ್ರಾವಣವನ್ನು ಹಚ್ಚಿದಾಗ ಅದುಮಿದ ಭಾಗವೂ ಉಳಿದ ಭಾಗವೂ ಬೇರೆ ಬೇರೆ ಪ್ರಮಾಣದಲ್ಲಿ ಕರಗಿ, ಹಳೆಯ ಅಂಕಿಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಬದುವನ್ನು ಒಡೆದು ಉತ್ತು ಸಮಮಾಡಿದ ಹೊಲದಲ್ಲಿಯೂ ಹಳೆಯ ಬದುವಿನ ಗೆರೆಯು ಪೈರಿನ ಬಣ್ಣದ ವ್ಯತ್ಯಾಸದಿಂದ ತಿಳಿದುಬರುವುದನ್ನು ರೈತರು ಕಂಡಿರಬಹುದು, ಇದೂ ಅದರಂತೆಯೇ. ಆದರೆ ಇದು ತಜ್ಞರ ಕೆಲಸ. ಕೊಳ್ಳುವವರು ತಾವೇ ಆಮ್ಲವನ್ನು ಹಚ್ಚಲು ಪ್ರಯತ್ನಿಸಕೂಡದು.

೮. ಸಂಖ್ಯೆಯು ತಾನಾಗಿ ಹೇಳದಿರುವ ವಿಷಯಗಳು

ಚಾಸಿಸ್ ಸಂಖ್ಯೆಯು ವಾಹನದ ಹುಟ್ಟನ್ನು ಹೇಳುತ್ತದೆಯೇ ಹೊರತು ಬಾಳನ್ನು ಹೇಳುವುದಿಲ್ಲ. ಈಗಿನ ಒಡೆಯನು ಯಾರು, ಸಾಲವುಂಟೇ, ಅಪಘಾತವಾಗಿತ್ತೇ, ಎಷ್ಟು ಗಂಟೆ ದುಡಿದಿದೆ ಎಂಬುವು ಅದರಲ್ಲಿಲ್ಲ. ಅದು ಈ ದಾಖಲೆಗಳ ಬೀಗವನ್ನು ತೆರೆಯುವ ಕೀಲಿಕೈ ಮಾತ್ರ.

ಸಾಲದ ವಿಷಯವು ನೋಂದಣಿ ಪತ್ರದಲ್ಲಿಯೇ ನಮೂದಾಗಿರುತ್ತದೆ. ಬ್ಯಾಂಕಿನ ಅಥವಾ ಸಾಲ ಕೊಟ್ಟ ಸಂಸ್ಥೆಯ ಹೆಸರು ಅದರಲ್ಲಿದ್ದಲ್ಲಿ, ಸಾಲವು ತೀರಿತೆಂಬ ಪತ್ರವನ್ನೂ ೩೫ ನೆಯ ನಮೂನೆಯನ್ನೂ ಪಡೆದು ಆ ನಮೂದನ್ನು ತೆಗೆಯಿಸುವವರೆಗೆ ಪೂರ್ತಿ ಹಣವನ್ನು ಕೊಡಲಾಗದು. ಕೇಂದ್ರ ಸರ್ಕಾರದ ‘ವಾಹನ್’ ದಾಖಲೆಯಲ್ಲಿ ನೋಂದಣಿ, ವಿಮೆ ಮೊದಲಾದ ವಿವರಗಳನ್ನು ಮೊಬೈಲ್ ಫೋನಿನಿಂದಲೇ ನೋಡಬಹುದು. ವಾಹನವು ಕದ್ದದ್ದೆಂದು ಪೋಲೀಸು ದಾಖಲೆಯಲ್ಲಿ ಸೇರಿದೆಯೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದವರ ‘ವಾಹನ್ ಸಮನ್ವಯ್’ ಏರ್ಪಾಡಿನಲ್ಲಿ ನೋಂದಣಿ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳಿಂದ ವಿಚಾರಿಸಬಹುದು. ಒಂದು ಗುಂಪಿನ ವಾಹನಗಳಲ್ಲಿ ತಯಾರಿಕೆಯ ದೋಷವು ಕಂಡುಬಂದಾಗ ತಯಾರಕರು ಅವನ್ನು ಹಿಂದಕ್ಕೆ ಕರೆಯಿಸಿ ದುರಸ್ತಿ ಮಾಡಿಕೊಡುವುದೂ ಈ ಸಂಖ್ಯೆಗಳ ಆಧಾರದಿಂದಲೇ. ಹಾಗೆ ಕರೆಯಿಸಬೇಕೆಂದು ಆಜ್ಞೆ ಮಾಡುವ ಅಧಿಕಾರವನ್ನು ಮೋಟಾರು ವಾಹನಗಳ ಕಾಯಿದೆಯ ೨೦೧೯ ರ ತಿದ್ದುಪಡಿಯು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.

೯. ಉಪೇಕ್ಷೆಯಿಂದಾಗುವ ನಷ್ಟ

‘ನಾನು ಪೂರ್ತಿ ಹಣವನ್ನು ಕೊಟ್ಟು ಕೊಂಡಿದ್ದೇನೆ, ಕದ್ದದ್ದೆಂದು ನನಗೆ ತಿಳಿಯದು’ ಎಂದು ಹೇಳಿದ ಮಾತ್ರಕ್ಕೆ ವಾಹನವು ಉಳಿಯುವುದಿಲ್ಲ. ೧೯೩೦ ನೆಯ ಇಸವಿಯ ಸರಕುಗಳ ಮಾರಾಟ ಕಾಯಿದೆಯ ೨೭ ನೆಯ ಕಲಮಿನ ಸಾಮಾನ್ಯ ತತ್ತ್ವದಂತೆ ಮಾರುವವನಿಗೆ ಇಲ್ಲದ ಹಕ್ಕು ಕೊಂಡವನಿಗೂ ಬಾರದು. ಉಳುಮೆಯ ಹದವು ಬಂದಿರುವಾಗ ಟ್ರ್ಯಾಕ್ಟರನ್ನು ಪೋಲೀಸರು ವಶಪಡಿಸಿಕೊಂಡರೆ ಹಣವೂ ಹೋಗಿ ಆ ವರ್ಷದ ಬಿತ್ತನೆಯೂ ಕೆಡುತ್ತದೆ. ಕದ್ದದ್ದೆಂದು ತಿಳಿದೂ ಕೊಂಡವನಿಗಂತೂ ಶಿಕ್ಷೆಯುಂಟು.

ಮಾರುವವರಿಗೂ ಜಾಗರೂಕತೆಯು ಬೇಕು. ೧೯೮೮ ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ ೫೦ ನೆಯ ಕಲಮಿನಂತೆ, ಅದೇ ರಾಜ್ಯದೊಳಗಿನ ಮಾರಾಟವಾದಲ್ಲಿ ಮಾರಿದವನು ಹದಿನಾಲ್ಕು ದಿನಗಳೊಳಗೂ, ಕೊಂಡವನು ಮೂವತ್ತು ದಿನಗಳೊಳಗೂ ವರದಿ ಮಾಡತಕ್ಕದ್ದು. ಇದಕ್ಕೆ ೨೯ ಮತ್ತು ೩೦ ನೆಯ ನಮೂನೆಗಳು ಗೊತ್ತಾಗಿವೆ. ದಾಖಲೆಯಲ್ಲಿ ಹೆಸರು ಬದಲಾಗದಿದ್ದಲ್ಲಿ, ಮಾರಿದ ವಾಹನದಿಂದಾದ ಅಪಘಾತದ ಪರಿಹಾರಕ್ಕೆ ನೋಂದಾಯಿತ ಒಡೆಯನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ ರಲ್ಲಿ ತೀರ್ಮಾನಿಸಿದೆ.

೧೦. ಜಮೀನುದಾರರೂ ಗ್ರಾಮ ಮುಖಂಡರೂ ಅನುಸರಿಸತಕ್ಕ ಕ್ರಮ

(೧) ಮುಂಗಡವನ್ನು ಕೊಡುವುದಕ್ಕೆ ಮೊದಲೇ ಚಾಸಿಸ್ ಸಂಖ್ಯೆಯ ಪ್ರತಿಯನ್ನು ಉಜ್ಜಿ ತೆಗೆದು, ನೋಂದಣಿ ಪತ್ರದೊಡನೆ ಒಬ್ಬರು ಓದಿ ಮತ್ತೊಬ್ಬರು ನೋಡಿ ತಾಳೆ ಹಾಕಬೇಕು.

(೨) ಒಂದಕ್ಷರದ ವ್ಯತ್ಯಾಸವಿದ್ದರೂ ಕ್ರಯವನ್ನು ನಿಲ್ಲಿಸಬೇಕು. ಬರಹದ ತಪ್ಪೇ ಆಗಿದ್ದರೆ ಮಾರುವವನು ಅದನ್ನು ಸಾರಿಗೆ ಕಛೇರಿಯಲ್ಲಿ ತಿದ್ದಿಸಿ ತರಲಿ. ತಿದ್ದದೆ ಬಿಟ್ಟರೆ ಮುಂದೆ ಹೆಸರಿನ ವರ್ಗಾವಣೆಗೂ ವಿಮೆಯ ಹಣಕ್ಕೂ ತೊಡಕಾಗುತ್ತದೆ.

(೩) ಕ್ರಯದ ಕರಾರು ಪತ್ರದಲ್ಲಿ ಫಲಕದ ನಂಬರನ್ನಷ್ಟೇ ಅಲ್ಲದೆ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನೂ ಬರೆಯಿಸಬೇಕು. ಸಾಕ್ಷಿ ಹಾಕಲು ಕರೆಯಲ್ಪಟ್ಟ ಮುಖಂಡರು ಈ ಸಂಖ್ಯೆಗಳಿಲ್ಲದ ಪತ್ರಕ್ಕೆ ರುಜು ಹಾಕಬಾರದು. ವಾಹನವನ್ನು ಕಣ್ಣಾರೆ ನೋಡಿ ತಾಳೆ ಮಾಡಿದ ಮೇಲೆಯೇ ಹಾಕಬೇಕು.

(೪) ತಮ್ಮ ಸ್ವಂತ ವಾಹನಗಳ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳ ಪ್ರತಿಯನ್ನು ಮನೆಯ ಪೆಟ್ಟಿಗೆಯಲ್ಲಿಡಬೇಕು. ಅನೇಕರು ಕಾಗದಗಳೆಲ್ಲವನ್ನೂ ವಾಹನದಲ್ಲಿಯೇ ಇಡುವುದರಿಂದ, ಕಳುವಾದಾಗ ವಾಹನದೊಡನೆ ಅದರ ಗುರುತೂ ಹೋಗಿ, ದೂರು ಕೊಡುವುದಕ್ಕೂ ಸಂಖ್ಯೆಯು ತಿಳಿಯದೆ ತೊಂದರೆಪಡುತ್ತಾರೆ.

(೫) ಗ್ರಾಮದ ಟ್ರ್ಯಾಕ್ಟರು, ಟ್ರೈಲರು ಮತ್ತು ಲಾರಿಗಳ ಈ ಸಂಖ್ಯೆಗಳನ್ನು ಒಡೆಯರ ಒಪ್ಪಿಗೆಯಿಂದ ಒಂದು ಪುಸ್ತಕದಲ್ಲಿ ಬರೆದಿಡುವುದು ಮುಖಂಡರಿಗೆ ಕಷ್ಟವಾದ ಕೆಲಸವಲ್ಲ. ಕಳುವಾದ ದಿನ ಠಾಣೆಗೆ ಕೊಡಲು ಅದು ಸಿದ್ಧವಾಗಿರುತ್ತದೆ.

ಎತ್ತಿನ ಹಲ್ಲನ್ನು ನೋಡುವ ಅಭ್ಯಾಸವು ನಮ್ಮ ರೈತರಿಗೆ ತಲೆತಲಾಂತರದಿಂದ ಬಂದಿದೆ. ವಾಹನದ ಸಂಖ್ಯೆಯನ್ನು ನೋಡುವ ಅಭ್ಯಾಸವು ಇನ್ನು ಬರಬೇಕಾಗಿದೆ. ಇದಕ್ಕೆ ಬೇಕಾದುದು ಒಂದು ಚೂರು ಕಾಗದ, ಒಂದು ಸೀಸದ ಕಡ್ಡಿ, ಕಾಲು ಗಂಟೆಯ ಕಾಲ ಇಷ್ಟೇ. ಹಣವು ಕೈಬಿಟ್ಟುಹೋಗುವ ಮೊದಲು ಇಷ್ಟು ಶ್ರಮವನ್ನು ವಹಿಸತಕ್ಕದ್ದೆಂದು ವಾಚಕರಲ್ಲಿ ವಿಜ್ಞಾಪಿಸಲಾಗಿದೆ.